ತೊಡೆಯ ಕೆಳಗಿನ ಮೇಕೆ

ಮಲೇರಿಯಾದ ಸೂಜಿ ಚುಚ್ಚಿ ಚುಚ್ಚಿ ಸಾಕಾಯಿತೇ ಹೊರತು ಮೆಲಿಸನ ಜ್ವರ ಜಗ್ಗಲಿಲ್ಲ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಆಫ್ರಿಕಾದ ಗಣಿಯಿಂದ ಮರಳಿದವನು, ರಕ್ತಕಣದೊಳಗೆ ಉಂಗುರದಂಥ ಹುಳು, ಇನ್ನೇನು ಬೇಕು ಎಂದು ಮಲೇರಿಯಾ ಬರೆದವಳು ಡಾಕ್ಟರ್ ಅನಾರ್ಕುಲಳೇ. ನಾರಿನ್ ಪೇಟೆಯ ಆಸ್ಪತ್ರೆಯಲ್ಲಿ ಅವಳಿಗೆ ಎದುರಾಡುವವರಿರಲಿಲ್ಲ. ಈಗ ಅವಳೇ ತನಗೆ ಎದುರಾಡಬೇಕಾಯಿತು.

ಹೊಸ ರಕ್ತವನ್ನು ಗಾಜಿಗೆ ಬಳಿದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮಲೇರಿಯಾ ಹುಳು ಬಿಡುವ ಕಂದು ಕಸ ಎಲ್ಲೂ ಇಲ್ಲ. ಹುಡುಕುತ್ತಾ ಹೋದಂತೆ ಒಂದು ಕಣದಲ್ಲಿ ನಾಲ್ಕು ಹುಳು ನಾಲ್ಕೆಸಳಿನ ಹೂವಿನಂತೆ ಕೂಡಿಕೊಂಡಿದ್ದವು.

"ಥೂ, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ!"

ಬಬೇಸಿಯಾ. ಉಣುಗು ಕಚ್ಚಿ ದನ ಕೆಂಪಗೆ ಉಚ್ಚೆ ಹೊಯ್ಯುವ ರೋಗ. ಅವಳು ವಾರ್ಡಿಗೆ ಧಾವಿಸಿದಳು.

"ಇದು ದನಕ್ಕೆ ಬರೋ ರೋಗ. ಉಣುಗು ಕಚ್ಚಿತ್ತೇನೋ?"

"ಇಲ್ಲಕ್ಕ."

ತಾಯಿ ಸೈಕಾಲ್ ಸಿಡಿದಳು. "ದನದ ರೋಗ ನನ್ನ ಮಗನಿಗಾ? ಅವನೇನು ಹೋರಿನಾ?"

"ಬುದ್ಧಿಯಲ್ಲಿ ಹೋರಿನೇ. ಊರಿಗೆ ಬಂದ್ಮೇಲೆ ಉಲಾಕ್ ಆಡಿದ್ಯಾ?"

ಕುದುರೆಯೇರಿ ಸತ್ತ ಮೇಕೆಗಾಗಿ ಕಿತ್ತಾಡುವ ಆ ಆಟದ ಹೆಸರು ಕೇಳಿದ್ದೇ ಮೆಲಿಸನ ಒಣಗಿದ ತುಟಿ ಅರಳಿತು. "ಆಡದೆ ಇರ್ತೀನಾ? ನನ್ನ ತೊಡೆ ಕೆಳಗಿಂದ ಮೇಕೆ ಕೀಳಕ್ಕೆ ಒಬ್ಬನ ಕೈಲೂ ಆಗ್ಲಿಲ್ಲ!"

ಅನಾರ್ಕುಲ್ ಅವನ ಷರಾಯಿ ಎಳೆದಳು. ತಲೆ ಕಡಿದ ಮೇಕೆ ತಣ್ಣಗಾದರೆ ಅದರ ಮೈಯ ಉಣುಗು ಬಿಸಿ ಹುಡುಕಿ ಹೊರಡುತ್ತದೆ. ಕುದುರೆಯ ಮೇಲೆ ಅದನ್ನು ಅವುಚಿ ಹಿಡಿದ ತೊಡೆಗಿಂತ ಹತ್ತಿರದ ಬಿಸಿ ಯಾವುದು? ತೊಡೆಸಂದಿಯಲ್ಲಿ ಕಪ್ಪು ಗಾಯವಿತ್ತು. ಹೊಟ್ಟೆಯ ಎಡಕ್ಕೆ ಹಳೆಯ ಹೊಲಿಗೆ.

"ಇದೇನು?"

"ಚಿಕ್ಕೋನಿದ್ದಾಗ ನಾಯಿಯಿಂದ ಬರೋ ಹುಳದ ಗೆಡ್ಡೆ ಆಗಿತ್ತು. ಗುಲ್ಮ ತೆಗೆದ್ರು," ಎಂದಳು ತಾಯಿ.

ಹುಳು ಹೊಕ್ಕ ರಕ್ತಕಣಗಳನ್ನು ಸೋಸುವ ಗುಲ್ಮವೇ ಇಲ್ಲದವನನ್ನು ಈ ರೋಗ ಸುಮ್ಮನೆ ಬಿಡುವುದಿಲ್ಲ. ಅನಾರ್ಕುಲ್ ಕೂಡಲೇ ಔಷಧಿ ಬದಲಿಸಿದಳು. ಅದಷ್ಟೇ ಸಾಲದು, ಕೆಟ್ಟ ರಕ್ತ ತೆಗೆದು ಹೊಸದು ತುಂಬಬೇಕಿತ್ತು.

ಸುದ್ದಿ ಕೇಳಿ, ಮೆಲಿಸನ ಜೊತೆ ಆಡಿದ ಸವಾರರೆಲ್ಲ ತೋಳೇರಿಸಿಕೊಂಡು ಬಂದರು.

"ಆ ಮೇಕೆ ಮುಟ್ಟಿದ ಒಬ್ಬನ ರಕ್ತಾನೂ ಬೇಡ," ಅನಾರ್ಕುಲ್ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮಲ್ಲೂ ಅದೇ ಹುಳು ಇದ್ರೆ?"

"ಮಾನ ಕಳೀತೀಯಲ್ಲಮ್ಮ," ಹಿರಿಯನೊಬ್ಬ ಗುರುಗುಟ್ಟಿದ. "ನಮ್ಮದು ಬಿಟ್ಟು ಇನ್ಯಾರದ್ದು ಹಾಕ್ತೀಯಾ?"

"ಪೇಟೆ ಹೆಂಗಸರದ್ದು. ಆಟದ ಹತ್ರ ಅವರನ್ನ ಬಿಟ್ಕೊಳ್ಳಲ್ವಲ್ಲ ನೀವು? ಒಳ್ಳೇದೇ ಆಯ್ತು."

ರೊಟ್ಟಿ ಸುಡುವವರು, ಶಾಲೆಯ ಮೇಡಂಗಳು ಸಾಲುಗಟ್ಟಿದರು. ಗುಂಪು ಹೊಂದಿದ ರಕ್ತವೆಲ್ಲ ಮೆಲಿಸನ ಮೈ ಸೇರಿತು. ಆಮೇಲಿನ ಗಾಜಿನಲ್ಲಿ ಉಂಗುರಗಳು ಅಲ್ಲೊಂದು ಇಲ್ಲೊಂದು ಮಾತ್ರ. ಮೂತ್ರ ತಿಳಿಯಾಗತೊಡಗಿತು.

"ಅಕ್ಕ, ಮುಂದಿನ ಆಟಕ್ಕೆ..."

"ಬಾಯ್ಮುಚ್ಕೊಂಡು ಮಲಗು."

ಸವಾರರು ಮುಖ ಊದಿಸಿಕೊಂಡು ಅಂಗಳದಲ್ಲೇ ಕೂತಿದ್ದರು. ಅನಾರ್ಕುಲ್ ಅವರ ರಕ್ತ ಪರೀಕ್ಷೆಗೆ ಸೂಜಿ, ಗಾಜು ಹಿಡಿದು ಹೊರಗೆ ಬಂದಳು.

"ಷರಾಯಿ ಇಳಿಸಿ. ಯಾರು ಮೊದಲು?"