ಇದು ಔಷಧಿ ಅಲ್ಲ

ಆ ಮೂರು ಪದ ಬರೆದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ನಮ್ಮ ನುಗ್ಗೆಸೊಪ್ಪು–ರಾಗಿ ಪುಡಿಯ ಪ್ಯಾಕೆಟ್ಟಿನ ಮುಂದೆ, ಹಸಿರು ಪಟ್ಟಿಯ ಮೇಲೆ, ದಪ್ಪ ಕನ್ನಡ ಅಕ್ಷರದಲ್ಲಿ: ಇದು ಔಷಧಿ ಅಲ್ಲ.

ಹೊಳೆನರಸೀಪುರದಲ್ಲಿ ನನ್ನ ಗಂಡ ಶಶಿಕುಮಾರ್ ಮತ್ತು ನಾನು ಈ ಪುಡಿ ಮಾಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಲೈಸೆನ್ಸು, ಲ್ಯಾಬ್ ರಿಪೋರ್ಟು, ಅಂಗಡಿಗಳ ವ್ಯವಹಾರ ಅವರದು. ಪುಡಿಯೊಳಗೆ ಏನಿರಬೇಕು, ಎಷ್ಟಿರಬೇಕು ಅನ್ನುವುದು ನನ್ನದು. ಮನೆಯಲ್ಲಿ ಫಾರ್ಮಸಿ ಓದಿದವಳು ನಾನೊಬ್ಬಳೇ, ಅದರ ಜಂಬವೂ ಒಂದಿಷ್ಟಿತ್ತು. ರಕ್ತ ಕಡಿಮೆ ಇರುವ ಹೆಂಗಸರಿಗೆಂದು ಮಾಡಿದ ಪುಡಿ. ಒಬ್ಬರಿಗೆ ಒಂದು ದಿನಕ್ಕೆ ಬೇಕಾದಷ್ಟು ಕಬ್ಬಿಣದಂಶ ಒಂದು ಚಮಚದಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಸೇರಿಸಲು ನಿಯಮ ಬಿಡುವುದಿಲ್ಲ, ನಾನೂ ಸೇರಿಸಲಿಲ್ಲ.

ಕಬ್ಬಿಣ ಬೆರೆಸುವುದು ಹೇಳಿದಷ್ಟು ಸುಲಭವಲ್ಲ. ಮೊದಲ ಸಲದ ಪುಡಿ ಹಾಕಿ ಮುದ್ದೆ ಕಟ್ಟಿದರೆ ತುಕ್ಕು ಹಿಡಿದ ಬಕೆಟ್ಟು ನೆಕ್ಕಿದ ಹಾಗಿತ್ತು. ಎರಡನೇ ಸಲದ್ದು ನೀರು ತಾಗಿದ ಕೂಡಲೇ ಇದ್ದಿಲ ಬಣ್ಣಕ್ಕೆ ತಿರುಗಿತು. ಶಶಿ ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಹಿತ್ತಲಲ್ಲಿ ಉಗಿದು ಬಂದು, "ಇದನ್ನ ಮಾರೋ ಬದಲು ಬೀಗ ಮಾಡಿ ಮಾರೋಣ ಬಿಡು" ಅಂದರು. ಎರಡು ವರ್ಷ ಒದ್ದಾಡಿದ ಮೇಲೆ, ತೆಳ್ಳಗೆ ಪದರ ಹಚ್ಚಿದ ಒಂದು ಬಗೆಯ ಕಬ್ಬಿಣ ಸಿಕ್ಕಿತು. ವಾಸನೆ ಇಲ್ಲ, ರುಚಿ ಇಲ್ಲ, ಮುದ್ದೆಯ ಬಣ್ಣವೂ ಕೆಡುವುದಿಲ್ಲ. ಅವತ್ತು ನಾನು ಬೀಗಿದ್ದು ಅಷ್ಟಿಷ್ಟಲ್ಲ. ಈಗ ಬೇರೆಯೇ ಅನ್ನಿಸುತ್ತದೆ. ಆ ಕೆಟ್ಟ ರುಚಿ ಹಾಗೇ ಇದ್ದಿದ್ದರೆ ಧನ್ಯಾ ಅನ್ನುವ ಒಬ್ಬ ಬಸುರಿ ಹುಡುಗಿ ಮೊದಲ ದಿನವೇ ತಟ್ಟೆ ತಳ್ಳುತ್ತಿದ್ದಳು.

ಇಂಥ ಪುಡಿಯ ಮೇಲೆ ಕೆಲವು ಎಚ್ಚರಿಕೆ ಇರಲೇಬೇಕು. ಔಷಧಿಯಾಗಿ ಬಳಸಲು ಅಲ್ಲ, ಹೇಳಿದ ಪ್ರಮಾಣ ಮೀರಬಾರದು, ಮಕ್ಕಳ ಕೈಗೆ ಸಿಗಬಾರದು. ಇಂಗ್ಲಿಷಿನಲ್ಲಿ ಎಲ್ಲವನ್ನೂ ಹಾಕಿದೆವು, ಪ್ಯಾಕೆಟ್ಟಿನ ಹಿಂದೆ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ. ದಿನಕ್ಕೆ ಒಂದು ಚಮಚ ಅನ್ನುವುದೂ ಅಲ್ಲೇ. ಕನ್ನಡದ ಕಡೆ ರಾಗಿ ತೆನೆಯ ಚಿತ್ರ ದೊಡ್ಡದಾಗಿ ಕೂತು, 'ಮುದ್ದೆಗೆ, ಗಂಜಿಗೆ ಬೆರೆಸಿ ತಿನ್ನಿ' ಅಂತ ಬರೆದ ಮೇಲೆ ಇನ್ನೊಂದೇ ಸಾಲಿಗೆ ಜಾಗ ಉಳಿದಿತ್ತು.

"ಪ್ರಮಾಣ ಮೀರಬೇಡಿ ಅಂತ ಹಾಕಿದ್ರೆ ಜನ ಹೆದರಿಕೊಂಡು ಮುಟ್ಟೋದೇ ಇಲ್ಲ ಮೇಘಾ. ಔಷಧಿ ಅಲ್ಲ ಅಂತ ಹಾಕು, ಸಾಕು" ಅಂದರು ಶಶಿ.

ಚಿತ್ರ ಚಿಕ್ಕದು ಮಾಡಿಸಿ ಅಂತ ಒಂದು ಮಾತು ಹೇಳಬಹುದಿತ್ತು. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂದರೆ ಬೀದಿಗೆಲ್ಲ ಕೇಳುವ ಹಾಗೆ ಜಗಳ ತೆಗೆಯುವವಳು ನಾನು. ಅವತ್ತು ತುಟಿ ಬಿಚ್ಚಲಿಲ್ಲ.

ಮೊದಲ ಪ್ಯಾಕೆಟ್ಟು ಹೊರಗೆ ಬಂದಾಗ ಪ್ಯಾಕಿಂಗ್ ಕೆಲಸದ ಕೃಷ್ಣಮ್ಮ ಅದನ್ನು ತಿರುಗಿಸಿ ನೋಡಿ ನಕ್ಕಳು. "ಔಸ್ದಿ ಅಲ್ಲ ಅಂದ್ರೆ ಏನವ್ವ, ವಗೆಸೊಪ್ಪಿಗೆ ಒಡಿಯೋ ಔಸ್ದಿ ಅಲ್ಲ ಅಂತಾನಾ?"

ಅರಕಲಗೂಡು, ರಾಮನಾಥಪುರದ ಕಡೆ ಔಷಧಿ ಅಂದರೆ ಮೊದಲು ನೆನಪಾಗುವುದು ಹೊಗೆಸೊಪ್ಪಿಗೆ, ಆಲೂಗೆಡ್ಡೆಗೆ ಹೊಡೆಯುವ ವಿಷ. ಡಾಕ್ಟರು ಕೊಡುವುದು ಮಾತ್ರೆ, ಟಾನಿಕ್ಕು. ಯಾರೋ ಔಷಧಿ ಕುಡಿದರು ಅಂದರೆ ಕೇಳಿದವರು ಎದೆ ಹಿಡಿದುಕೊಳ್ಳುತ್ತಾರೆ. ಔಷಧಿ ಅಲ್ಲ ಅಂದರೆ ವಿಷ ಅಲ್ಲ, ಎಷ್ಟು ತಿಂದರೂ ಏನೂ ಆಗುವುದಿಲ್ಲ ಅಂತಲೇ ಲೆಕ್ಕ. ಇದನ್ನು ಕೃಷ್ಣಮ್ಮ ನನಗೆ ಕಲಿಸಬೇಕಿರಲಿಲ್ಲ, ನಾನೂ ಆ ಮಾತಿನಲ್ಲೇ ಬೆಳೆದವಳು. "ಒಳ್ಳೇದೇ ಆಯ್ತು ಬಿಡು, ಹೆದರದೆ ತಗೋತಾರೆ" ಅಂದು ನಾನೂ ನಕ್ಕೆ.

ಹೋದ ಶ್ರಾವಣದಲ್ಲಿ ರಾಮನಾಥಪುರದ ಅಂಗಡಿಯ ಗುಂಡಯ್ಯ ಫೋನ್ ಮಾಡಿದ.

"ಮೇಡಮ್ಮೋರೆ, ಒಂದು ವಿಸ್ಯ. ನಮ್ ಪಕ್ಕದೂರ ಸುಬ್ಬಮ್ಮನ ಸೊಸೆ ಐದು ತಿಂಗ್ಳ ಬಸ್ರಿ. ಹೊಟ್ಟೆನೋವು ಅಂತ ಒದ್ದಾಡ್ಕಂಡು, ವಾಂತಿ ಮಾಡ್ಕಂಡು ಆಸನದ ಆಸ್ಪತ್ರೆಗೆ ಸೇರವ್ಳೆ. ಅತ್ತೆನೇ ಮದ್ದಾಕವ್ಳೆ ಅಂತ ಬೀಗ್ರು ಊರೆಲ್ಲಾ ಕೂಗಾಡ್ತಾವ್ರೆ. ಆವಮ್ಮ ನನ್ ಅಂಗ್ಡೀಲಿ ತಗಂಡೋಗಿದ್ದು ನಿಮ್ ಪುಡಿ. ಎರಡು ವಾರದಲ್ಲಿ ಎರಡು ಪ್ಯಾಕೆಟ್ಟು."

ಒಬ್ಬರಿಗೆ ಒಂದು ಪ್ಯಾಕೆಟ್ಟು ನಲವತ್ತು ದಿನ ಬರಬೇಕು.

ಊಟದಲ್ಲಿ ಕಾಣದ ಹಾಗೆ ಏನೋ ಬೆರೆಸಿ ಕೊಡುವುದಕ್ಕೆ ನಮ್ಮ ಕಡೆ ಮದ್ದು ಹಾಕುವುದು ಅನ್ನುತ್ತಾರೆ. ಒಬ್ಬ ಹೆಂಗಸಿಗೆ ಆ ಹೆಸರು ಬಂತೆಂದರೆ ಮುಗಿಯಿತು, ಸಾಯುವವರೆಗೂ ಹೋಗುವುದಿಲ್ಲ. ಸುಬ್ಬಮ್ಮನಿಗೆ ಆ ಹೆಸರು ಬರುವುದನ್ನು ತಪ್ಪಿಸಬಹುದಾದವಳು ನಾನೊಬ್ಬಳೇ ಅನ್ನುವುದು ಫೋನ್ ಇಡುವ ಮೊದಲೇ ಗೊತ್ತಾಗಿಹೋಗಿತ್ತು.

"ಹೋಗಿ ನೋಡ್ಕೊಂಡು ಬಾ, ಬೇಡ ಅನ್ನಲ್ಲ. ಆದರೆ ಬಾಯಿ ಬಿಡಬೇಡ" ಅಂದರು ಶಶಿ. "ಇಂಗ್ಲಿಷಲ್ಲಿ ಎಲ್ಲಾ ಇದೆ. ಓದಕ್ಕೆ ಬರದ ಮುದುಕಿ ಸುರಿದುಬಿಟ್ರೆ ನಾವೇನು ಮಾಡೋಣ? ಲೈಸೆನ್ಸ್ ಹೋದ್ರೆ ಇಪ್ಪತ್ತು ಜನ ಹೆಂಗಸರ ಕೆಲಸ ಹೋಗುತ್ತೆ, ಯೋಚನೆ ಮಾಡು."

ಹಾಸನದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಓದಲು ಬರದವಳು, ನಾನೇನು ಮಾಡಲಿ. ಹೇಳಿಕೊಂಡಷ್ಟೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಧನ್ಯಾ ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಮಗುವಿಗೆ ತೊಂದರೆ ಇಲ್ಲ, ನಾಲ್ಕು ದಿನದಲ್ಲಿ ಸುಧಾರಿಸುತ್ತಾಳೆ ಅಂತ ನರ್ಸ್ ಹೇಳಿದಳು. ಹೊರಗೆ ಅವಳ ತಾಯಿ ನೇತ್ರಾವತಿ ಚನ್ನರಾಯಪಟ್ಟಣದಿಂದ ಬಂದು ಬ್ಯಾಗು ತುಂಬಿಸಿಟ್ಟುಕೊಂಡು ನಿಂತಿದ್ದರು. ಮೆಟ್ಟಿಲ ಹತ್ತಿರ ನೆಲದ ಮೇಲೆ ಕೂತಿದ್ದವರೇ ಸುಬ್ಬಮ್ಮ, ಅರವತ್ತರ ಹೆಂಗಸು. ಮಗ ಪುಟ್ಟರಾಜು ಅಮ್ಮನ ಕಡೆಗೂ ಹೋಗದೆ ಅತ್ತೆಯ ಕಡೆಗೂ ಹೋಗದೆ ನಡುವೆ ನಿಂತಿದ್ದ.

"ಇನ್ನೂ ಏನೇನ್ ಬೆರ್ಸಿದ್ದೆ ಯೇಳವ್ವ" ಅನ್ನುತ್ತಿದ್ದರು ನೇತ್ರಾವತಿ. "ನನ್ ಮಗ್ಳು ಇನ್ ನಿಮ್ಮನೆ ವಸ್ತಿಲು ತುಳಿಯಲ್ಲ."

"ಪುಡಿ ಕಣವ್ವ. ರಕ್ತ ಕಮ್ಮಿ ಐತೆ ಅಂದ್ರಲ್ಲ ಡಾಕ್ಟ್ರು, ಅದಕ್ಕೇಯ. ಬೆಳಿಗ್ಗೆ ಗಂಜಿಗೆ ಎರಡು ಚಮಚ, ಎರಡೊತ್ತಿನ ಮುದ್ದೆಗೂ ಎರಡೆರಡು. ಬ್ಯಾರೆ ಏನೂ ಆಕಿಲ್ಲ."

ನಾನು ಪುಡಿಯ ಕಂಪನಿಯವಳು ಅಂತ ಪುಟ್ಟರಾಜುವಿಗೆ ಹೇಳಿದೆ. ನೇತ್ರಾವತಿ ನೇರ ನನ್ನ ಮುಂದೆ ಬಂದರು. "ನೀವೇ ಯೇಳಿ ಮೇಡಂ. ನಿಮ್ ಪುಡಿ ತಿಂದ್ರೆ ಇಂಗಾಯ್ತದಾ?"

"ಒಂದು ಚಮಚಕ್ಕೆ ಏನೂ ಆಗಲ್ಲ" ಅಂದೆ.

ಸುಳ್ಳಲ್ಲ. ಆದರೆ ಅಷ್ಟು ಹೊಲಸು ಮಾತು ನಾನು ಜನ್ಮದಲ್ಲಿ ಆಡಿಲ್ಲ.

"ಕೇಳ್ದಾ ಪುಟ್ಟರಾಜು? ಪುಡಿ ಮಾಡೋರೇ ಏನೂ ಆಗಲ್ಲ ಅಂತಾವ್ರೆ. ಇನ್ನೇನಿತ್ತು ಆ ಮುದ್ದೇಲಿ, ನಿಮ್ಮವ್ವನ್ನೇ ಕೇಳು" ಅಂದರು ನೇತ್ರಾವತಿ. ಪುಟ್ಟರಾಜು ಅಮ್ಮನ ಕಡೆ ತಿರುಗಿ ನೋಡಿದ. ಮಗನ ಆ ನೋಟಕ್ಕೆ ಸುಬ್ಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಅವರನ್ನ ಬಿಡಿ. ಮದ್ದೂ ಇಲ್ಲ ಮಣ್ಣೂ ಇಲ್ಲ" ಅಂದೆ. ಬ್ಯಾಗಿನಿಂದ ಪ್ಯಾಕೆಟ್ಟು ತೆಗೆದು ಹಿಂಭಾಗ ತೋರಿಸಿದೆ. "ಇಡೀ ದಿನಕ್ಕೆ ಒಂದೇ ಚಮಚ ಅಂತ ಇಲ್ಲಿದೆ, ಇಂಗ್ಲಿಷಲ್ಲಿ. ದಿನಾ ಆರು ಚಮಚ ಹೋದ್ರೆ, ಅದರ ಮೇಲೆ ಬಸುರಿಯರಿಗೆ ಕೊಡೋ ಸರ್ಕಾರಿ ಕಬ್ಬಿಣದ ಮಾತ್ರೆನೂ ನುಂಗಿದ್ರೆ, ಹೀಗೇ ಆಗೋದು. ಕನ್ನಡದಲ್ಲಿ ಹಾಕಬೇಕಿತ್ತು, ನಾನು ಹಾಕಲಿಲ್ಲ. ಹಾಕಿದ್ರೆ ಜನ ತಗೊಳ್ಳಲ್ಲ ಅಂತ ಬಿಟ್ಟೆ. ತಪ್ಪು ನಂದು. ಡಾಕ್ಟರಿಗೂ ಹೇಳ್ತೀನಿ, ಲೈಸೆನ್ಸ್ ಕೊಟ್ಟ ಆಫೀಸಿಗೂ ಬರೆದುಕೊಡ್ತೀನಿ. ಇವರು ಪಾಪ, ಓದು ಬರದೋರು, ಇವರಿಗೆ ಹೇಗೆ ಗೊತ್ತಾಗಬೇಕು?"

ಸುಬ್ಬಮ್ಮ ತಲೆ ಎತ್ತಿದರು.

"ಓದಕ್ಕೆ ಬತ್ತದೆ ಕಣವ್ವ. ಏಳ್ನೇ ಕ್ಲಾಸ್‌ಗಂಟ ಓದಿವ್ನಿ" ಅಂದರು. "ಮನೇಲಿ ವಗೆಸೊಪ್ಪಿನ ಔಸ್ದಿ ಡಬ್ಬ, ಪುಡಿ ಎಲ್ಲಾ ಇರ್ತವೆ. ಬಸ್ರಿ ಎಣ್ಣು, ಎಲ್ಲಾರ ಕೈತಪ್ಪಿ ಅದುನ್ನ ಆಕ್ಬುಟ್ಟೇನು ಅಂತ ದಿನಾ ಪ್ಯಾಕೆಟ್ಟು ಬೆಳಕಿಗಿಡ್ಕಂಡು ಓದ್ಕಂಡೇ ಆಕ್ತಿದ್ದೆ. ಔಸ್ದಿ ಅಲ್ಲ ಅಂತ ನೀನೇ ಬರೆದಿದ್ಯಲ್ಲ."

ನನಗೆ ಆ ನೆಲದ ಮೇಲೆ ಅವರ ಪಕ್ಕದಲ್ಲಿ ಕೂರುವ ಯೋಗ್ಯತೆಯೂ ಇಲ್ಲ ಅನ್ನಿಸಿತು.

ಡಾಕ್ಟರಿಗೆ ಹೇಳಿದೆ, ಆಫೀಸಿಗೂ ಬರೆದುಕೊಟ್ಟೆ. ಶಶಿ ಹದಿನೈದು ದಿನ ಮುಖ ಕೊಟ್ಟು ಮಾತಾಡಲಿಲ್ಲ, ಆದರೂ ಅಂಗಡಿಗಳಿಂದ ಪ್ಯಾಕೆಟ್ಟು ವಾಪಸು ತರಿಸಿದವರು ಅವರೇ. ನೇತ್ರಾವತಿ ಎಲ್ಲ ಕೇಳಿಯೂ ಮಗಳನ್ನು ಚನ್ನರಾಯಪಟ್ಟಣಕ್ಕೇ ಕರೆದುಕೊಂಡು ಹೋದರು. ಹೆರಿಗೆಯಾಗಿ ಮೂರು ತಿಂಗಳಿಗೆ ಧನ್ಯಾ ಕೂಸಿನ ಜೊತೆ ಗಂಡನ ಮನೆಗೆ ಬಂದಳು ಅಂತ ಗುಂಡಯ್ಯ ಹೇಳಿದ ಮೇಲೆ ನಾನು ನೋಡಲು ಹೋದೆ.

ಕೂಸು ದುಂಡಗಿತ್ತು. ಧನ್ಯಾ ನಗುತ್ತಾ ಮಾತಾಡಿಸಿದಳು. ಸುಬ್ಬಮ್ಮ ಎರಡು ಲೋಟದಲ್ಲಿ ಕಾಫಿ ತಂದು, ಒಂದನ್ನು ನನ್ನ ಮುಂದೆ ಹಿಡಿದರು. ನಾನು ಕೈ ಚಾಚುವಷ್ಟರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಅದರಿಂದಲೇ ತಮ್ಮ ಲೋಟಕ್ಕೆ ಒಂದು ಗುಟುಕಿನಷ್ಟು ಬಗ್ಗಿಸಿಕೊಂಡು ನನ್ನ ಎದುರಿಗೇ ಕುಡಿದರು. ಆಮೇಲೆ ಕೊಟ್ಟರು.

"ಅತ್ತೆ ಈಗ ಯಾರ್ ಬಂದ್ರೂ ಇಂಗೇ ಮಾಡ್ತಾರೆ ಅಕ್ಕ" ಅಂದಳು ಧನ್ಯಾ ಮೆಲ್ಲಗೆ. "ನಂಗೆ ಬಡಿಸೋವಾಗ್ಲೂ ಅಷ್ಟೇ. ಬ್ಯಾಡ ಅಂದ್ರೂ ಕೇಳಲ್ಲ, ನನ್ ತಟ್ಟೆಯಿಂದ ಒಂದ್ ತುತ್ತು ತಿಂದೇ ಕೊಡೋದು."

ಸುಬ್ಬಮ್ಮ ಸೊಸೆಯ ಮಾತು ಕೇಳಿಸದವರ ಹಾಗೆ ಸಕ್ಕರೆ ಸಾಕಾ ಅಂತ ನನ್ನನ್ನು ಕೇಳಿದರು. ಸಾಕು ಅಂದೆ.