ಕಮಲಾದೇವಿಯವರ ಬಾಗಿಲು

ನಡುಮನೆಯಲ್ಲಿದ್ದ ಕೊನೆಯ ಸಿಮೆಂಟ್ ಮೂಟೆಯನ್ನು ಹೊರಗೆ ಹಾಕಿ ಬಂದ ಮೇಸ್ತ್ರಿ ದ್ಯಾಮಣ್ಣ, ಹೆಗಲ ಮೇಲಿನ ಟವೆಲ್ಲಿನಿಂದ ಗೋಡೆ ಒರೆಸತೊಡಗಿದ. ಪ್ಲಾಸ್ಟರಿಂಗ್ ಕಾಣದ ಗೋಡೆ. ಒರೆಸಿದಷ್ಟೂ ಇಟ್ಟಿಗೆಯ ಪುಡಿ ಉದುರುತ್ತಿತ್ತು.

“ಬಿಡು ದ್ಯಾಮಣ್ಣ,” ಎಂದರು ಕಮಲಾದೇವಿಯ ಗಂಡ ಕೊಟ್ರಪ್ಪ. “ಅವಳ ಬೆನ್ನಿಗೊಂದು ಶಾಲು ಕೊಟ್ರಾಯ್ತು. ಆಸ್ಪತ್ರೆ ಗಾಡಿ ಕೋಣನಕುಂಟೆ ಕ್ರಾಸ್ ದಾಟಿದೆಯಂತೆ.”

ಕಮಲಾದೇವಿಯ ತಮ್ಮ ಶಶಿಧರ್ ಗೇಟಿನ ಬಳಿ ಜಲ್ಲಿ ರಾಶಿಯ ಪಕ್ಕದಲ್ಲೇ ನಿಂತಿದ್ದ. ಒಳಗೆ ಕಾಲಿಟ್ಟಿರಲಿಲ್ಲ.

“ಭಾವ, ಒಂದ್ಸಲ ನನ್ನ ಮಾತು ಕೇಳಿ. ಬನಶಂಕರಿ ಬಾಡಿಗೆ ಮನೆ ಹತ್ರಾನೇ ಇಡೋಣ. ಕೆಳಗೆ ಕಾರ್ ನಿಲ್ಸೋ ಜಾಗದಲ್ಲಿ ಶಾಮಿಯಾನ ಹಾಕ್ಕೊಳ್ಳಿ ಅಂತ ಓನರ್ರೇ ಅಂದಿದ್ದಾರೆ.”

“ಕಾರ್ ನಿಲ್ಸೋ ಜಾಗದಲ್ಲಿ ನಿಮ್ಮಕ್ಕನ್ನ ಕೂರಿಸ್ತೀಯೇನಪ್ಪ?”

“ಎಲ್ರೂ ಹಾಗೇ ಮಾಡೋದು. ಇಲ್ಲಿ ನೋಡಿ, ಬಾಗಿಲೇ ಇಲ್ಲ, ಬರೀ ಚೌಕಟ್ಟು ನಿಂತಿದೆ. ಗೃಹಪ್ರವೇಶ ಆಗದ ಮನೆಗೆ ಮೊದಲು ಬರೋದು ಹೆಣಾನಾ? ನಾಳೆ ನೀವು, ಮಗಳು ಜ್ಯೋತ್ಸ್ನಾ ಇಲ್ಲೇ ಬಾಳ್ಬೇಕು ತಾನೆ?”

“ಬಾಳ್ತೀವಿ.” ಕೊಟ್ರಪ್ಪನವರ ದನಿ ಏರಲಿಲ್ಲ. “ಅವಳು ಹೋಗೋದು ಈ ಬಾಗಿಲಿಂದಾನೇ. ಆ ಮನೆ ಮೆಟ್ಟಿಲು ನೀನೂ ನೋಡಿದ್ದೀಯ.”

ಶಶಿಧರ್ ನೋಡಿದ್ದ. ಭಾವನ ತಾಯಿಯನ್ನು ಇಳಿಸಿದ ದಿನ ಬೆಡ್‌ಶೀಟಿನ ಒಂದು ತುದಿ ಹಿಡಿದಿದ್ದವನು ಅವನೇ.

* * *

ಅವರ ಮತದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಕೂರಿಸಿ ಒಯ್ಯುತ್ತಾರೆ. ಮಣ್ಣಿನಲ್ಲೂ ಹಾಗೆಯೇ ಕೂರಿಸುತ್ತಾರೆ.

ಕೊಟ್ರಪ್ಪನವರ ತಾಯಿ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ತೀರಿಕೊಂಡಾಗ, ಅವರನ್ನು ಕೂರಿಸಿದ್ದ ಕುರ್ಚಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿದರು, ಎತ್ತಿದರು, ಹಿಂದಕ್ಕೆ ಎಳೆದರು. ಕೊನೆಗೆ ಆ ಹಿರಿಯ ಜೀವವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮೂಟೆಯಂತೆ ಇಳಿಸಿದರು. ಕೆಳಮನೆಯವರು ಕದದ ಸಂದಿಯಿಂದ ನೋಡುತ್ತಿದ್ದರು.

ಕುರ್ಚಿ ಓರೆ ಮಾಡುವಾಗ ಹಣೆ ಉಜ್ಜಿದ ಕಡೆ ಗೋಡೆಯ ಮೇಲೆ ವಿಭೂತಿಯ ಒಂದು ಗೀರು ಉಳಿಯಿತು. ಕಮಲಾದೇವಿ ಅದನ್ನು ಒರೆಸಲಿಲ್ಲ. ತರಕಾರಿ ಚೀಲ ಹಿಡಿದು ಹತ್ತುವಾಗಲೆಲ್ಲ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಓನರ್ ಸುಣ್ಣ ಹೊಡೆಸಿ ಗೀರು ಮುಚ್ಚಿಹೋದ ಮೇಲೂ ನಿಲ್ಲುತ್ತಿದ್ದರು.

* * *

ಗಾಡಿ ಬಂತು. ಹಿಂದೆಯೇ ಆಟೋದಲ್ಲಿ ಮಠದ ಅಯ್ಯನವರು ಇಳಿದರು. ಶಶಿಧರ್ ಓಡಿಹೋಗಿ ಅವರ ಕಾಲು ಮುಟ್ಟಿ, ತನ್ನ ಮಾತನ್ನೆಲ್ಲ ಅವರ ಮುಂದೆ ಇಟ್ಟ.

ಅಯ್ಯನವರು ಬಾಗಿಲಿಲ್ಲದ ಆ ಚೌಕಟ್ಟನ್ನು ಮೇಲಿನಿಂದ ಕೆಳಗೆ ನೋಡಿದರು.

“ನಮ್ಮಲ್ಲಿ ಸಾವಿಗೆ ಸೂತಕ ಎಲ್ಲಿದೆ ಶಶಿಧರ್? ಕೊರಳಲ್ಲಿ ಲಿಂಗ ಇಟ್ಕೊಂಡೇ ಬಾಳಿದೋಳು. ಅವಳು ಒಳಗೆ ಬಂದ್ಲು ಅಂದ್ರೆ ಪ್ರವೇಶ ಆಯ್ತು ಅಂತಾನೇ. ದಾರಿ ಬಿಡು.”

ಮಗಳು ಜ್ಯೋತ್ಸ್ನಾ ಚೌಕಟ್ಟಿಗೆ ಮಾವಿನೆಲೆ ಕಟ್ಟಿದಳು. ಕಮಲಾದೇವಿಯನ್ನು ನಡುಮನೆಯಲ್ಲಿ, ಕೆಂಪು ಇಟ್ಟಿಗೆಗೆ ಒರಗಿಸಿ ಕೂರಿಸಿದರು. ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಸುತ್ತಲಿನ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದರು.

“ನೀರು ಹಾಕೋಕೆ ದಿನಾ ಬನಶಂಕರಿಯಿಂದ ಬಸ್ಸಲ್ಲಿ ಬರ್ತಿದ್ರು,” ಎಂದರು ಎದುರುಮನೆಯ ಮರಿಯಮ್ಮ. “ಬಿಸಿಲಲ್ಲಿ ಯಾಕೆ ಆಂಟಿ ಅಂದ್ರೆ, ಗೋಡೆಗೂ ಬಾಯಾರುತ್ತಮ್ಮ ಅನ್ನೋರು.”

ಅಳುತ್ತಿದ್ದ ಜ್ಯೋತ್ಸ್ನಾ ನಕ್ಕುಬಿಟ್ಟಳು.

* * *

ಪಾಯ ಹಾಕಿದಾಗ ಇದ್ದ ಬಡ್ಡಿ ಗೋಡೆ ಏಳುವ ಹೊತ್ತಿಗೆ ಇರಲಿಲ್ಲ. ಕಬ್ಬಿಣ ಏರಿತು, ಸಿಮೆಂಟ್ ಏರಿತು, ಕೂಲಿ ಏರಿತು. ಕೊಟ್ರಪ್ಪನವರದು ಮಾರ್ಕೆಟ್ಟಿನಲ್ಲಿ ಸಣ್ಣ ಪಾತ್ರೆ ಅಂಗಡಿ. ಸಾಲ ನಿಂತಿದ್ದು ಜ್ಯೋತ್ಸ್ನಾಳ ಸಂಬಳದ ಮೇಲೆ.

“ಬಡ್ಡಿ ಮತ್ತೆ ಜಾಸ್ತಿ ಆಗಿದೆಯಮ್ಮ,” ಎಂದಳು ಅವಳು ಒಂದು ಸಂಜೆ, ಇಟ್ಟಿಗೆ ರಾಶಿಯ ಮೇಲೆ ಕೂತು. “ಕಂತು ಜಾಸ್ತಿ ಕಟ್ಟೋಕಾಗಲ್ಲ ಅಂದ್ರೆ ವರ್ಷ ಜಾಸ್ತಿ ಮಾಡ್ತಾರಂತೆ.”

“ಬ್ಯಾಂಕಿನೋರು ವರ್ಷ ಜಾಸ್ತಿ ಮಾಡ್ತಾರಾ? ನನ್ನ ಹಾರ್ಟ್ ಡಾಕ್ಟ್ರು ಅದು ತಮ್ಮ ಕೈಲಿ ಆಗಲ್ಲ ಅಂದಿದ್ರಲ್ಲೇ.”

“ತಮಾಷೆ ಬೇಡಮ್ಮ. ಸೈಟ್ ಮಾರಿಬಿಡೋಣ.”

“ಮಾರೋದು ಬೇಡ. ಮನೇನ ಚಿಕ್ಕದು ಮಾಡೋಣ.”

ಅಂದೇ ನಕ್ಷೆಯಿಂದ ಮೇಲಿನ ಮಹಡಿ ಹೋಯಿತು. ಆಮೇಲೆ ದೇವರ ಮನೆ ಅಡುಗೆಮನೆಯ ಮೂಲೆಗೆ ಬಂತು. ಗ್ರಾನೈಟ್ ಹೋಯಿತು, ಒಂದು ಕೋಣೆಯೂ ಹೋಯಿತು. ಪ್ರತಿಯೊಂದಕ್ಕೂ ಕಮಲಾದೇವಿ “ಸರಿ, ಮುಂದೆ?” ಎನ್ನುತ್ತಿದ್ದರು. ಮುಂಬಾಗಿಲಿನ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದರು.

“ಎಲ್ರೂ ಇಡೋ ಅಳತೆ ಇಟ್ರೆ ಮರದ ದುಡ್ಡಲ್ಲಿ ಅರ್ಧ ಉಳಿಯುತ್ತಮ್ಮ,” ಎಂದ ದ್ಯಾಮಣ್ಣ. “ಇಷ್ಟು ಅಗಲ ಯಾಕೆ? ಆನೆ ಸಾಕ್ತೀರಾ?”

“ಸಾಕಿದ್ದೀನಲ್ಲ, ನಿಮ್ಮ ಸಾರ್‌ನ.” ಅವರು ಗಂಡನ ಕಡೆ ತಿರುಗಿದರು. “ರೀ, ಆ ಪ್ಲಾಸ್ಟಿಕ್ ಕುರ್ಚೀಲಿ ಕೂತ್ಕೊಳ್ಳಿ.”

ಕೊಟ್ರಪ್ಪ ಕೂತರು. ನಾಲ್ವರು ಆಳುಗಳು, ಬಲಕ್ಕಿಬ್ಬರು ಎಡಕ್ಕಿಬ್ಬರು, ಕುರ್ಚಿಯನ್ನು ಎತ್ತಿದರು. ಅರ್ಧ ಎದ್ದ ಗೋಡೆಯಲ್ಲಿ ಬಾಗಿಲಿಗೆ ಬಿಟ್ಟ ಜಾಗದಿಂದ ಅವರನ್ನು ಹೊರಗೆ ತಂದರು. ಬೀದಿಯವರೆಲ್ಲ ನೋಡುತ್ತಿದ್ದರು; ಕೊಟ್ರಪ್ಪನವರಿಗೆ ನಾಚಿಕೆ, ನಗು. ಒಬ್ಬ ಆಳಿನ ಮೊಣಕೈ ಗೋಡೆಗೆ ತಗುಲಿತು.

“ಆ ಕಡೆ ಇನ್ನೊಂದು ಇಟ್ಟಿಗೆ ತೆಗೀರಿ,” ಎಂದರು ಕಮಲಾದೇವಿ.

ದ್ಯಾಮಣ್ಣನಿಗೆ ಆಗ ಅರ್ಥವಾಯಿತು. ತಾನೇ ಬಂದು ಇಟ್ಟಿಗೆ ತೆಗೆದ.

“ನನ್ನ ಕಳಿಸೋಕೆ ಇಷ್ಟು ಅವಸರಾನಾ ನಿಂಗೆ?” ಎಂದು ಕೇಳಿದರು ಕೊಟ್ರಪ್ಪ, ಬಸ್ಸಿನಲ್ಲಿ.

“ಅವಸರ ಇಲ್ಲ. ನಿಧಾನವಾಗೇ ಹೋಗಿ. ಆದ್ರೆ ಕೂತ್ಕೊಂಡು ಹೋಗಿ.”

* * *

ಮಧ್ಯಾಹ್ನ ಶಂಖ ಊದಿದರು. ಗೇಟಿನ ಹೊರಗೆ, ಕೂರಿಸಿ ಒಯ್ಯಲು ಬಿದಿರಿನಲ್ಲಿ ಕಟ್ಟಿ ಹೂವಿನಿಂದ ಸಿಂಗರಿಸಿದ ವಿಮಾನ ಸಿದ್ಧವಾಗಿತ್ತು. ಅಲ್ಲಿಯವರೆಗೆ ಕುರ್ಚಿಯಲ್ಲೇ ಒಯ್ಯಬೇಕು.

ಎಡಕ್ಕೆ ದ್ಯಾಮಣ್ಣ ಮತ್ತು ಅವನ ಆಳು ನಿಂತರು. ಬಲಕ್ಕೆ ಒಬ್ಬ ನೆಂಟ ನಿಂತ. ಅವನ ಮುಂದೆ ಜಾಗ ಖಾಲಿ ಇತ್ತು. ಶಶಿಧರ್ ಚಪ್ಪಲಿ ಬಿಟ್ಟ. ಅಕ್ಕನ ಮನೆಯೊಳಗೆ ಮೊದಲ ಸಲ ಕಾಲಿಟ್ಟು, ಬಂದು ಕುರ್ಚಿಗೆ ಕೈ ಕೊಟ್ಟ.

ಕುರ್ಚಿ ಎದ್ದಿತು. ಜಾಗಟೆಯ ಸದ್ದು ಬರಿ ಇಟ್ಟಿಗೆಗೆ ಬಡಿದು ಮನೆಯೆಲ್ಲ ತುಂಬಿತು. ಚೌಕಟ್ಟು ಹತ್ತಿರವಾದಂತೆ ಶಶಿಧರ್ ಹೆಜ್ಜೆ ನಿಧಾನಿಸಿದ.

“ಓರೆ ಮಾಡಿ, ಸ್ವಲ್ಪ ಓರೆ ಮಾಡ್ಕೊಳ್ಳಿ,” ಎಂದ.

“ಬೇಡ ಸಾರ್,” ಎಂದ ದ್ಯಾಮಣ್ಣ. “ನೇರ ನಡೀರಿ.”

ನೇರ ನಡೆದರು. ಬಲಕ್ಕಿಬ್ಬರು, ಎಡಕ್ಕಿಬ್ಬರು, ನಡುವೆ ಕಮಲಾದೇವಿ. ತಲೆ ಬಾಗಲಿಲ್ಲ, ಕೊರಳ ಹಾರ ಅಲುಗಲಿಲ್ಲ, ಯಾರ ಮೊಣಕೈಯೂ ಮರಕ್ಕೆ ತಾಗಲಿಲ್ಲ. ಮಾವಿನೆಲೆಗಳ ಕೆಳಗೆ ಹಾದು ಅವರು ಬಿಸಿಲಿಗೆ ಬಂದಾಗ ಬೀದಿಯಲ್ಲಿ ನಿಂತವರೆಲ್ಲ ಕೈಮುಗಿದರು.

“ನನ್ನ ಅಳತೆಗೆ ಮಾಡಿಸಿ ನೀನು ಮೊದಲು ಹೊರಟ್ಯಲ್ಲೇ,” ಎಂದು ಕೊಟ್ರಪ್ಪ ಮೆಲ್ಲಗೆ ಅಂದುಕೊಂಡರು. ಎಲ್ಲರೂ ಹೊರಗೆ ಹೋದ ಮೇಲೆ ಹೊಸ್ತಿಲ ಬಳಿ ನಿಂತರು. ಚೌಕಟ್ಟಿನ ಒಂದು ಕಡೆ ಮೇಲಿನಿಂದ ಕೆಳಗಿನವರೆಗೆ ಅಂಗೈ ಆಡಿಸಿದರು; ಇನ್ನೊಂದು ಕಡೆಯೂ ಆಡಿಸಿದರು. ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದರು.

ವಿಭೂತಿಯ ಬಿಳುಪು ಎಲ್ಲೂ ಇರಲಿಲ್ಲ. ಅಂಗೈಗೆ ಅಂಟಿದ್ದು ಹೊಸ ಮರದ ಹೊಟ್ಟು ಮಾತ್ರ.