ಬೇವಿನೆಲೆ ಹಾಕಿದ ಮೂಟೆಗಳು

ಕೊಹಿನೂರ ಊರಿನ ಆಚೆಯ ಆ ಗ್ರಾಮ ಪಂಚಾಯಿತಿಯಲ್ಲಿ ಮಳೆ ಬಂದರೆ ಮೊದಲು ತೋಯುವುದು ದಾಖಲೆ, ಆಮೇಲೆ ಅಂಗಳ. ಜವಾನ ತುಳಜಾರಾಮನಿಗೆ ಇದೇನೂ ಹೊಸದಲ್ಲ. ಆದರೆ ಈ ಸಲ ಅವನು ಸುಮ್ಮನಿರುವಂತಿರಲಿಲ್ಲ. ಅಭಿವೃದ್ಧಿ ಅಧಿಕಾರಿ ಪ್ರಣಿತಾ ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಸಲು ಬಸವಕಲ್ಯಾಣಕ್ಕೆ ಒಯ್ಯುವವರಿದ್ದರು. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಪಂಚಾಯಿತಿ ನಿರ್ಣಯಿಸಿದ ಠರಾವೂ ಅವುಗಳಲ್ಲಿತ್ತು. ಆ ಹಾಳೆ ಇದ್ದರೆ ನೌಕರಿ ಕಾಯಂ. ಇಲ್ಲದಿದ್ದರೆ ಇಷ್ಟು ವರ್ಷ ಕಸ ಹೊಡೆದದ್ದಕ್ಕೂ ಪುರಾವೆಯಿಲ್ಲ.

ತುಳಜಾರಾಮ ತಲೆ ಓಡಿಸಿದ. ಅವನ ತಲೆ ಓಡತೊಡಗಿದರೆ ಹಿಂದೆ ಯಾರಾದರೂ ಓಡಬೇಕಾಗುತ್ತದೆ. ಕಾಗದಗಳನ್ನು ಗೋಣಿಚೀಲಗಳಿಗೆ ತುಂಬಿ, ಹುಳ ಹತ್ತದಿರಲೆಂದು ಬೇವಿನೆಲೆ ಹಾಕಿದ. ತನ್ನ ಠರಾವನ್ನು ವಿಶೇಷ ಜತನದಿಂದ ಎಲ್ಲಕ್ಕಿಂತ ಮೇಲಿಟ್ಟು ಬಾಯಿ ಹೊಲಿದ. ಮೂಟೆಗಳನ್ನು ಪಕ್ಕದ ಮನೆಯ ಗಯಾಬಾಯಿಯ ಕೋಣೆಯಲ್ಲಿ ಅವಳ ತೊಗರಿ ಮೂಟೆಗಳ ಜೊತೆ ಒಟ್ಟಿದ. ಆ ಓಣಿಯಲ್ಲಿ ಸೋರದ ಮಾಳಿಗೆ ಅದೊಂದೇ.

"ಗಯಕ್ಕ, ಇವು ಸರಕಾರದ್ದವ. ಜ್ವಾಕಿ."

"ನನ್ನ ತೊಗರಿಗಿ ಹ್ಯಾಂಗ ನೋಡ್ಕೋತೀನೋ ಹಂಗೇ ನೋಡ್ಕೋತೀನಿ, ಹೋಗು ತಮ್ಮಾ."

ಗಯಾಬಾಯಿ ಮಾತಿಗೆ ತಪ್ಪಲಿಲ್ಲ. ತೊಗರಿಯ ದರ ಏರಿದ ದಿನ ಗಡಿಬಿಡಿಯಲ್ಲಿ ಎಲ್ಲ ಮೂಟೆಗಳನ್ನೂ ಒಂದೇ ಟೆಂಪೋಕ್ಕೆ ಹೇರಿಸಿ ಹುಮನಾಬಾದಿನ ಬಜಾರಿಗೆ ಕಳಿಸಿಬಿಟ್ಟಳು.

ಸುದ್ದಿ ತಿಳಿದ ತುಳಜಾರಾಮ ಚಪ್ಪಲಿಯನ್ನೂ ಮೆಟ್ಟದೆ ಬಸ್ಸು ಹತ್ತಿದ. ಬಜಾರಿನಲ್ಲಿ ಕಾಳಿನ ವ್ಯಾಪಾರಿ ಅಬ್ದುಲ್ ಕರೀಂ, ಮೂಟೆಗೆ ಚುಚ್ಚಿ ಕಾಳು ತೆಗೆಯುವ ಮೊನಚು ಕೊಳವೆ ಹಿಡಿದು ಚಿಂತೆಯಲ್ಲಿ ಕೂತಿದ್ದರು.

"ನಿಮ್ಮೂರ ಈ ತೊಗರಿ ಬ್ಯಾಳಿ ಆಗೂದಿಲ್ರಿ," ಎಂದರು. "ಇದಕ್ಕ ಓದಬೇಕಾಗ್ತದ."

ಅವರ ಕಾಲು ಮುಟ್ಟಿ, ದಾಖಲೆಗಳನ್ನು ಅದೇ ಟೆಂಪೋದಲ್ಲಿ ಹೇರಿಕೊಂಡು ತುಳಜಾರಾಮ ಊರಿಗೆ ಬಂದ. ಪ್ರಣಿತಾ ಮೂಟೆ ಬಿಚ್ಚಿಸಿದರು. ಒಂದು ಕಾಗದವೂ ಕಳೆದಿರಲಿಲ್ಲ. ಮೇಲಿದ್ದ ಠರಾವಿನಲ್ಲಿ ಮಾತ್ರ, ಅವನ ಹೆಸರಿರಬೇಕಾದ ಕಡೆ, ಒಂದು ತೂತಿತ್ತು. ಪ್ರಣಿತಾ ಹಾಳೆ ಎತ್ತಿ ಹಿಡಿದರು. ತೂತಿನಲ್ಲಿ ಅವರ ಒಂದು ಕಣ್ಣು ಕಂಡಿತು.

"ಯಾರಿಗಿ ತಗೊಂಡಾರಂತ ಇದರಾಗ ಇಲ್ಲಲ್ರಿ. ತೂತಿಗಿ ನೌಕರಿ ಕಾಯಂ ಮಾಡಾಕ ಬರಂಗಿಲ್ಲ."

ತುಳಜಾರಾಮನಿಗೆ ಅಳು ಬಂತು. ಊರಿನವರ ಹುಟ್ಟು, ಸಾವು, ಮನೆ, ಜಾಗ ಎಲ್ಲ ಉಳಿದು ತಾನೊಬ್ಬನೇ ಅಳಿಸಿಹೋಗಿದ್ದ. ಮರುದಿನ, ಕೊಳವೆ ಚುಚ್ಚಿ ತೆಗೆದ ಆ ಚೂರು ಸಿಗುವ ಆಸೆಯಿಲ್ಲದಿದ್ದರೂ, ಮತ್ತೆ ಹುಮನಾಬಾದಿಗೆ ಹೋದ.

ಅಬ್ದುಲ್ ಕರೀಂ ಕೂತಲ್ಲಿಂದಲೇ ಕೈ ಚಾಚಿ ಗೋಡೆಯ ಗೂಡಿನಿಂದ ಒಂದು ಕಾಗದದ ಪುಡಿಕೆ ತೆಗೆದರು. ಯಾವ ಮೂಟೆಯಿಂದ ಸ್ಯಾಂಪಲ್ ತೆಗೆದರೂ ವ್ಯವಹಾರ ಮುಗಿಯುವವರೆಗೆ ಅದನ್ನು ಕಟ್ಟಿಡುವುದು ಅವರ ಅಂಗಡಿಯ ಪದ್ಧತಿ. ಪುಡಿಕೆಯ ಮೇಲೆ ಬರೆದಿತ್ತು: ಗಯಾಬಾಯಿ. ಮಾಲು: ತೊಗರಿ ಅಲ್ಲ. ಒಳಗೆ ಬೇವಿನೆಲೆಯ ಚೂರು, ಅದಕ್ಕೆ ಅಂಟಿಕೊಂಡು ತುಳಜಾರಾಮನ ಹೆಸರು.

ಅವನು ಕೈ ಚಾಚಿದ. ಕರೀಂ ಪುಡಿಕೆ ಹಿಂದಕ್ಕೆಳೆದು ಲೆಕ್ಕದ ವಹಿ ಮುಂದೆ ತಳ್ಳಿದರು.

"ಸಹಿ ಮಾಡ್ರಿ ಮೊದಲ. ಸಹಿ ಇಲ್ದ ನಮ್ಮಲ್ಲಿ ಕಟ್ಟಿಟ್ಟಿದ್ದು ಒಂದು ಕಾಳ ಸುದ್ದಾ ಹೊರಗ ಹೋಗಂಗಿಲ್ಲ."

ಇಡೀ ಊರಿನ ದಾಖಲೆಗಳನ್ನು 'ಜ್ವಾಕಿ' ಎಂಬ ಒಂದೇ ಮಾತಿನ ಮೇಲೆ ಬಿಟ್ಟುಬಂದಿದ್ದ ತುಳಜಾರಾಮನಿಗೆ ಕಿವಿ ಬಿಸಿಯಾಯಿತು. ತಲೆ ಎತ್ತದೆ ಸಹಿ ಹಾಕಿದ. ಆಮೇಲೆ ಅಂಗಡಿಯ ಮಾಳಿಗೆಯನ್ನು ಒಮ್ಮೆ ನೋಡಿ ಮೆಲ್ಲಗೆ ಕೇಳಿದ:

"ಚಾಚಾ, ನಿಮ್ಮ ಗೋದಾಮ ಸೋರ್ತದೇನ್ರಿ?"